ಒದ್ದೆ ಬಟ್ಟೆಯ ಉಷ್ಣಮಾಪಕ

ಜೀವಂತ ಕುರಿಗಳ ಹಡಗು ಸಾಗಣೆಯ ಸುತ್ತ ಆಸ್ಟ್ರೇಲಿಯಾದಲ್ಲಿ ನಡೆದ ಹಲವು ವಿವಾದಗಳ ಪೈಕಿ ಈ ಉಪನ್ಯಾಸ ಒಂದನ್ನೇ ಹಿಡಿದುಕೊಳ್ಳುತ್ತದೆ: ಪ್ರಾಣಿಯ ಯಾತನೆಗೆ ಅಳತೆಗೋಲು ಯಾವುದು? 2003ರಲ್ಲಿ ಸೌದಿ ಅರೇಬಿಯಾ ಬಾಯಿಹುಣ್ಣಿನ ರೋಗದ ನೆಪವೊಡ್ಡಿ ನಿರಾಕರಿಸಿದ ಕುರಿಗಳನ್ನು ಹೊತ್ತು ಕಾರ್ಮೊ ಎಕ್ಸ್‌ಪ್ರೆಸ್ ಹಡಗು ವಾರಗಟ್ಟಲೆ ಸಮುದ್ರದಲ್ಲೇ ಅಲೆದು ಎರಿಟ್ರಿಯಾ ಸೇರಿದ ಕಥೆ ಕೇಳುಗರಿಗೆ ಗೊತ್ತಿರುವುದೇ ಆದ್ದರಿಂದ ಅದನ್ನು ವಿಸ್ತರಿಸಬೇಕಿಲ್ಲ.

ನಿಯಮಗಳು ಬಹುಕಾಲ ಎಣಿಸಿದ್ದು ಹೆಣಗಳನ್ನು. ಯಾನವೊಂದರಲ್ಲಿ ಶೇ. 2ರಷ್ಟು ಕುರಿಗಳು ಸತ್ತರೆ ಮಾತ್ರ ಅದು ತನಿಖೆಗೆ ಅರ್ಹವಾದ ಘಟನೆ ಎನಿಸುತ್ತಿತ್ತು. ಎಂದರೆ 60,000 ಕುರಿಗಳ ಹಡಗಿನಲ್ಲಿ 1,199 ಸತ್ತರೂ ಯಾನ ಸುಗಮವೇ. 2017ರ ಆಗಸ್ಟ್‌ನಲ್ಲಿ ಅವಾಸಿ ಎಕ್ಸ್‌ಪ್ರೆಸ್ ಹಡಗಿನಲ್ಲಿ ಸುಮಾರು 2,400 ಕುರಿಗಳು ಬಿಸಿಗೆ ಬಲಿಯಾದದ್ದು ಆ ಗೆರೆಯನ್ನು ದಾಟಿತ್ತಾದರೂ, ಮರುವರ್ಷ ದೂರದರ್ಶನದಲ್ಲಿ ಜನ ಕಂಡು ಬೆಚ್ಚಿದ್ದು ಸತ್ತವುಗಳಿಗಿಂತ ಹೆಚ್ಚಾಗಿ ಕರಗಿ ಕೆಸರಾದ ಹಿಕ್ಕೆಯಲ್ಲಿ ಕಾಲು ಹೂತು, ಬಾಯಿ ತೆರೆದು ಏದುತ್ತಿದ್ದ ಬದುಕಿದ ಕುರಿಗಳನ್ನು. ಪಶುವೈದ್ಯ ವಿದ್ಯಾಲಯಗಳ ಹಳೆಯ ತಲೆಮಾರಿನ ಗುರುಗಳು ವಿದ್ಯಾರ್ಥಿಯನ್ನು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸಿ, ಪ್ರಾಣಿಯನ್ನು ಮುಟ್ಟುವ ಮೊದಲು ಅದರ ಪಕ್ಕೆಯ ಏರಿಳಿತ ಎಣಿಸಲು ಹಚ್ಚುತ್ತಿದ್ದುದು ಇಲ್ಲಿ ನೆನಪಾಗದಿರದು.

ಕುರಿ ಮೈಬೆವರಿಗಿಂತ ಉಸಿರಿನಿಂದ ತಂಪಾಗುವ ಪ್ರಾಣಿ. ನಮ್ಮ ಬಯಲುಸೀಮೆಯ ಮಟಮಟ ಮಧ್ಯಾಹ್ನದಲ್ಲಿ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನೆರಳು ಹುಡುಕುವ ಕುರಿಗಳಿಗೆ ಒಣ ಗಾಳಿಯಾದರೂ ಒದಗುತ್ತದೆ. ಹಡಗು ಸೇರುವ ಪರ್ಷಿಯನ್ ಕೊಲ್ಲಿಯ ಬಂದರಿನಲ್ಲಿ ಅದೂ ಇಲ್ಲ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಪಡೆಯುವ ತಾಪವನ್ನು ಆರ್ದ್ರ-ಬಲ್ಬ್ ತಾಪ ಎನ್ನುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬಟ್ಟೆ ಆರದೆ ಅದು ಏರುತ್ತದೆ, ಕುರಿಯ ಉಸಿರೂ ಅಷ್ಟರ ಮಟ್ಟಿಗೆ ಸೋಲುತ್ತದೆ. ಆಸ್ಟ್ರೇಲಿಯಾ ಸರ್ಕಾರ ಕೇಳಿದ್ದ 2018ರ ಮೆಕಾರ್ಥಿ ವರದಿ ಸಾವಿನ ಲೆಕ್ಕವನ್ನು ಬಿಟ್ಟು ಪ್ರಾಣಿಯ ಕ್ಷೇಮವನ್ನೇ ಆಧಾರವಾಗಿಸಬೇಕೆಂದಿತು. ಬಳಿಕ ಬಂದ ತಜ್ಞರ ತಂಡ ಸಾಮಾನ್ಯ ತೂಕದ, ಉಣ್ಣೆ ಕತ್ತರಿಸಿದ ಕುರಿಗೆ 28 ಡಿಗ್ರಿ ಸೆಲ್ಸಿಯಸ್ ಆರ್ದ್ರ-ಬಲ್ಬ್ ತಾಪವನ್ನು ಮಿತಿಯಾಗಿ ಸೂಚಿಸಿತು. ಸರ್ಕಾರ ಮಾಡಿದ್ದೇನು? ಶೇ. 2ನ್ನು ಶೇ. 1ಕ್ಕೆ ಇಳಿಸಿ, ಕೊಲ್ಲಿಯ ಬೇಸಿಗೆಯ ತಿಂಗಳುಗಳಲ್ಲಿ ಯಾನ ನಿಲ್ಲಿಸಿತು. ಕ್ಯಾಲೆಂಡರಿನ ತಾರೀಖು ಜಾರಿಗೆ ಸುಲಭವೆಂಬುದು ನಿಜವಾದರೂ ಕುರಿ ತಾರೀಖು ನೋಡಿ ಏದುವುದಿಲ್ಲ.

2024ರ ಕಾಯ್ದೆಯ ಪ್ರಕಾರ 2028ರ ಮೇ 1ರಿಂದ ಈ ಸಾಗಣೆಯೇ ನಿಷಿದ್ಧ. ಆದರೆ ಕೊಲ್ಲಿಯ ಮಾರುಕಟ್ಟೆ ಅಂದಿಗೆ ಮುಚ್ಚುವುದಿಲ್ಲವಾದ್ದರಿಂದ, ಸುಡಾನ್, ಸೊಮಾಲಿಯಾ, ರೊಮೇನಿಯಾಗಳಿಂದ ಹೊರಡುವ ಹಡಗುಗಳಲ್ಲಿ ಆ ಒದ್ದೆ ಬಟ್ಟೆಯನ್ನು ಕಟ್ಟುವವರು ಯಾರು? ಕಠಿಣ ನಿಯಮವುಳ್ಳ ದೇಶ ಹಿಂದೆ ಸರಿದರೆ ಕುರಿಗೆ ಲಾಭವೋ ನಷ್ಟವೋ? ನಿಯಂತ್ರಣವನ್ನು ಸಮರ್ಥಿಸುತ್ತ ಬಂದವರೂ ಇದಕ್ಕೆ ಖಚಿತ ಉತ್ತರ ಕೊಟ್ಟಿಲ್ಲ. ಕಾಯ್ದೆಯಾದರೋ ಕುರಿಗಳಿಗೆ, ಅದೂ ಸಮುದ್ರಮಾರ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ದನಗಳ ಹಡಗುಗಳು ಎಂದಿನಂತೆ ಹೊರಡುತ್ತಿವೆ.