ಸರಕಾರಕ್ಕೆ ಸಲಹೆ ಕೊಡುವವರು ಯಾರು?

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಪ್ರಸಾರ ಮತ್ತು ದೂರಸಂಪರ್ಕದ ವಿಷಯದಲ್ಲಿ ಸರಕಾರದ ನೀತಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಚೆಕ್ಕುಗಳಿಗೆ ಮೊಹರು ಒತ್ತುವವರಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ 2019ರಲ್ಲಿ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇವೆ.

ನಮ್ಮ ತಾಯಿಯವರು ಗದಗಿನ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದು ನೆಲೆಸಿದರು. ಹಿಂದಿ ಅವರಿಗೆ ಅರ್ಧ ತಿಳಿಯುತ್ತದೆ; ಮರಾಠಿ ಕಾಲುಭಾಗ. ನಾವೂ ನಮ್ಮ ಮನೆಯವರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋದರೆ, ಸಂಜೆಯವರೆಗೆ ಅವರೊಡನೆ ಕನ್ನಡ ಆಡುವುದು ಟೀವಿಯೊಂದೇ. 2019ರ ಮಾರ್ಚಿನಲ್ಲಿ ಒಂದು ದಿನ ನಾವು ಬ್ಯಾಂಕಿನಿಂದ ಬಂದಾಗ ಅವರು ರಿಮೋಟನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರು. "ಏನಪಾ, ನಮ್ಮ ಮಂದಿ ಎಲ್ಲಿ ಹೋದರು?" ಎಂದು ಕೇಳಿದರು. ನೋಡಿದರೆ ಕನ್ನಡದ ವಾಹಿನಿಗಳು ಒಂದೂ ಬರುತ್ತಿರಲಿಲ್ಲ.

ಕೇಬಲ್ಲಿನವನನ್ನು ವಿಚಾರಿಸಿದೆವು. ಅವನು ಸಮಾಧಾನವಾಗಿಯೇ ಉತ್ತರ ಕೊಟ್ಟನು. "ಸಾಹೇಬರೇ, ನಿಮಗೆ ಬೇಕಾದ ಚಾನೆಲ್ಲುಗಳನ್ನು ಬರೆದು ಕೊಡಿರೆಂದು ಫಾರ್ಮು ಕೊಟ್ಟಿದ್ದೆ. ನೀವು ತುಂಬಿ ಕೊಡಲಿಲ್ಲ. ಈ ಏರಿಯಾದಲ್ಲಿ ಜನ ಏನು ನೋಡುತ್ತಾರೋ ಅದನ್ನೇ ನಿಮಗೂ ಹಾಕಿದ್ದಾರೆ. ಕನ್ನಡದ್ದು ನನ್ನ ಲೈನಿನಲ್ಲಿ ಎರಡೇ ಮನೆ." ನಾವು ಸಿಟ್ಟಿನಿಂದ ಮನೆಗೆ ಬಂದು ಹುಡುಕಿದೆವು. ಫಾರ್ಮು ಹಳೆಯ ಪತ್ರಿಕೆಗಳ ನಡುವೆ ಖಾಲಿಯಾಗಿಯೇ ಇತ್ತು. "ಫಾರ್ಮು ಸರಿಯಾಗಿ ತುಂಬಿ ತನ್ನಿ" ಎಂದು ದಿನಕ್ಕೆ ಐವತ್ತು ಗಿರಾಕಿಗಳಿಗೆ ಬುದ್ಧಿ ಹೇಳುವ ನಾವೇ ನಮ್ಮ ಫಾರ್ಮನ್ನು ತುಂಬಿರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಈ ನಿಯಮ ಎಲ್ಲಿಂದ ಬಂತು, ಯಾರು ಮಾಡಿದರು ಎಂಬುದನ್ನು ಓದತೊಡಗಿದೆವು. ಈ ಭಾಷಣ ಆ ಓದಿನ ಫಲ.

ಸರಕಾರಕ್ಕೆ ಸಲಹೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಹೊಸದಲ್ಲ. ಆದರೆ ಸಲಹೆಯನ್ನು ಯಾರಲ್ಲಿ ಕೇಳಬೇಕು ಎಂಬುದು ಮಾತ್ರ ಬಹಳ ಕಾಲ ಇತ್ಯರ್ಥವಾಗಿರಲಿಲ್ಲ. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಪ್ರಾರಂಭಿಸಿದುದು ನಮಗೆಲ್ಲ ಅಭಿಮಾನದ ಸಂಗತಿ. ಮುಂದೆ ಆ ಹೆಸರನ್ನೇ ಇಡೀ ದೇಶದ ಬಾನುಲಿ ತಳೆಯಿತು. ಆದರೆ ಸ್ವತಂತ್ರ ಭಾರತದ ಬಾನುಲಿ ಕೇಳುಗರನ್ನು ಕೇಳಿ ನಡೆದುಕೊಂಡಿತೇ? 1952ರಲ್ಲಿ ಬಿ. ವಿ. ಕೇಸ್ಕರರು ಮಂತ್ರಿಗಳಾಗಿದ್ದಾಗ ಸಿನಿಮಾ ಹಾಡುಗಳು ರೇಡಿಯೋದಿಂದ ದೂರವಾದವು. ಶಾಸ್ತ್ರೀಯ ಸಂಗೀತದ ಮೇಲಿನ ಅವರ ಭಕ್ತಿ ದೊಡ್ಡದು. ನಾವು ಅದನ್ನು ಹೀಯಾಳಿಸುವುದಿಲ್ಲ. ಆದರೆ ಕೇಳುಗರು ವಾದ ಮಾಡಲಿಲ್ಲ, ಮನವಿ ಬರೆಯಲಿಲ್ಲ. ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಕೇಳುಗರ ಅಭಿಪ್ರಾಯ ದಿಲ್ಲಿಗೆ ತಲುಪಲು ಕೊಲಂಬೊ ಸುತ್ತಿ ಬರಬೇಕಾಯಿತು!

ಆಮೇಲೆ ಸಮಿತಿಗಳ ಕಾಲ ಬಂತು. ಎ. ಕೆ. ಚಂದಾ ಅವರ ಸಮಿತಿ 1966ರಲ್ಲಿ ವರದಿ ಒಪ್ಪಿಸಿ, ಬಾನುಲಿ ಮತ್ತು ದೂರದರ್ಶನಗಳು ಸರಕಾರದ ಇಲಾಖೆಯಾಗಿರದೆ ಬೇರೆ ಬೇರೆ ನಿಗಮಗಳಾಗಲಿ ಎಂದಿತು. ಬಿ. ಜಿ. ವರ್ಗೀಸರ ನೇತೃತ್ವದ ತಂಡ 1978ರಲ್ಲಿ 'ಆಕಾಶ ಭಾರತಿ' ಎಂಬ ಸ್ವತಂತ್ರ ನ್ಯಾಸ ಬೇಕೆಂದಿತು. ಪ್ರಸಾರ ಭಾರತಿ ಕಾಯಿದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಮೊದಲ ಸಲಹೆಗೂ ಅದರ ಜಾರಿಗೂ 31 ವರ್ಷ. ನಮ್ಮ ಬ್ಯಾಂಕಿನಲ್ಲಿ ಮೂರು ತಿಂಗಳು ದಾಟಿದ ಚೆಕ್ಕನ್ನು ಹಿಂದಕ್ಕೆ ಕೊಟ್ಟುಬಿಡುತ್ತೇವೆ. ಸರಕಾರದ ಕಪಾಟಿನಲ್ಲಿ ಸಲಹೆಗಳು 31 ವರ್ಷವಾದರೂ ಜೀವ ಹಿಡಿದಿರುತ್ತವೆ ಎಂಬುದೊಂದೇ ಇದರಲ್ಲಿ ಸಮಾಧಾನ.

ಇದರ ನಡುವೆ 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ದೊಡ್ಡ ಮಾತನ್ನು ಹೇಳಿತು. ಮೊಕದ್ದಮೆ ಹುಟ್ಟಿದ್ದು ಕ್ರಿಕೆಟ್ ಪಂದ್ಯಗಳ ಪ್ರಸಾರದ ಜಗಳದಿಂದ. ತೀರ್ಪಾದರೂ ದೇಶಕ್ಕೆಲ್ಲ ಅನ್ವಯಿಸಿತು: ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವನ್ನು ಸಾರ್ವಜನಿಕ ಹಿತಕ್ಕಾಗಿ ಒಂದು ಸಾರ್ವಜನಿಕ ಪ್ರಾಧಿಕಾರ ನಿಯಂತ್ರಿಸತಕ್ಕದ್ದು. ಸ್ವತ್ತು ನಮ್ಮದೆಂದಾದ ಮೇಲೆ ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದೇ ಅಲ್ಲವೇ?

ಈಗ ಆ ಲೆಕ್ಕ ಇಡುವವರ ವಿಚಾರಕ್ಕೆ ಬರೋಣ. 1997ರಲ್ಲಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಥಾಪನೆಯಾಯಿತು. ಮೊದಲು ಅದರ ಕೆಲಸ ಟೆಲಿಫೋನಿಗೆ ಸಂಬಂಧಿಸಿದ್ದು. 2004ರ ಜನವರಿಯಿಂದ ಪ್ರಸಾರವೂ ಕೇಬಲ್ಲೂ ಅದರ ಕೈಗೆ ಬಂದವು. ಅದಕ್ಕೆ ಎರಡು ಕೆಲಸ. ಒಂದು, ಪರವಾನಗಿ ಮುಂತಾದ ವಿಷಯಗಳಲ್ಲಿ ಸರಕಾರಕ್ಕೆ ಶಿಫಾರಸು ಮಾಡುವುದು. ಇದು ನಮ್ಮ ಶಾಖೆಯ ಮ್ಯಾನೇಜರು ಸಾಲದ ಅರ್ಜಿಯ ಮೇಲೆ ಬರೆಯುವ ಟಿಪ್ಪಣಿಯಂತೆ. ಮಂಜೂರಿ ಹೆಡ್ ಆಫೀಸಿನದು. ಸರಕಾರಕ್ಕೆ ಶಿಫಾರಸು ಒಪ್ಪಿಗೆಯಾಗದಿದ್ದರೆ ಮತ್ತೊಮ್ಮೆ ಆಲೋಚಿಸಿರೆಂದು ಹಿಂದಕ್ಕೆ ಕಳಿಸಬೇಕು. ಕೊನೆಯ ಮಾತು ಮಾತ್ರ ಸರಕಾರದ್ದೇ. ಎರಡನೆಯದು, ದರಗಳನ್ನೂ ಒಬ್ಬ ಉದ್ಯಮಿ ಇನ್ನೊಬ್ಬನೊಡನೆ ನಡೆದುಕೊಳ್ಳುವ ನಿಯಮಗಳನ್ನೂ ತಾನೇ ಗೊತ್ತುಮಾಡುವುದು. ಇಲ್ಲಿ ಅದರ ಮಾತು ಸಲಹೆಯಲ್ಲ, ಆಜ್ಞೆ.

ಎರಡಕ್ಕೂ ಮೊದಲು ಅದು ಒಂದು ಸಮಾಲೋಚನಾ ಪತ್ರವನ್ನು ಪ್ರಕಟಿಸುತ್ತದೆ. ಅದರ ಕೊನೆಯಲ್ಲಿ ನಮ್ಮ ಪರೀಕ್ಷೆಯ ಪತ್ರಿಕೆಯಂತೆ ಪ್ರಶ್ನೆಗಳಿರುತ್ತವೆ. ಯಾರು ಬೇಕಾದರೂ ಉತ್ತರ ಬರೆಯಬಹುದು. ಒಬ್ಬರ ಉತ್ತರಕ್ಕೆ ಇನ್ನೊಬ್ಬರು ಪ್ರತ್ಯುತ್ತರ ಕೊಡಬಹುದು. ಬಳಿಕ ಬಹಿರಂಗ ಸಭೆ. ತನ್ನ ಕೆಲಸದಲ್ಲಿ ಪಾರದರ್ಶಕವಾಗಿ ನಡೆದುಕೊಳ್ಳಬೇಕೆಂದು ಕಾಯಿದೆಯೇ ಅದಕ್ಕೆ ವಿಧಿಸಿದೆ. ಕೇಸ್ಕರರ ಕಾಲಕ್ಕೆ ಹೋಲಿಸಿದರೆ ಇದು ಎಷ್ಟು ದೊಡ್ಡ ಬದಲಾವಣೆ!

ಈ ಸಲಹೆಗೆ ಎಷ್ಟು ಬಲವೆಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ಕೇಬಲ್ ಟೀವಿಯನ್ನು ಡಿಜಿಟಲ್ ಮಾಡಬೇಕೆಂದು ಟ್ರಾಯ್ 2010ರಲ್ಲಿ ಶಿಫಾರಸು ಮಾಡಿತು. 2011ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮುಂಬಯಿಗೆ ಕೊನೆಯ ದಿನ 2012ರ ಅಕ್ಟೋಬರ್ 31. ಆ ಮಧ್ಯರಾತ್ರಿ ಹಳೆಯ ಪದ್ಧತಿಯ ಕೇಬಲ್ ನಿಂತಿತು. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಪೆಟ್ಟಿಗೆ ಹಾಕಿಸಿಕೊಳ್ಳದವರ ಮನೆಯ ಪರದೆಯ ಮೇಲೆ ಅಂದು ಬರಿಯ ಚುಕ್ಕೆಗಳು. ಒಂದು ಸಲಹೆಗೆ 31 ವರ್ಷ, ಇನ್ನೊಂದಕ್ಕೆ ಎರಡೇ ವರ್ಷ. ಯಾವುದು ಎಷ್ಟು ಬೇಗ ಮನೆಯೊಳಕ್ಕೆ ಬರುವುದೆಂದು ಹೇಳಲಾಗದು. ಆದುದರಿಂದ ಕೇಳಿದಾಗಲೇ ಹೇಳಿಬಿಡುವುದು ಲೇಸು.

ಈಗ ನಮ್ಮ ತಾಯಿಯವರ ಪ್ರಶ್ನೆಗೆ ಮರಳುತ್ತೇವೆ. 2016ರಲ್ಲಿ ಪ್ರಶ್ನೆ ಕೇಳಿ, 2017ರ ಮಾರ್ಚಿನಲ್ಲಿ ಟ್ರಾಯ್ ಹೊಸ ದರದ ಆಜ್ಞೆಯನ್ನೂ ನಿಯಮಗಳನ್ನೂ ಹೊರಡಿಸಿತು. ಮದರಾಸು ಹೈಕೋರ್ಟಿನಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಪ್ರಶ್ನೆಗೊಳಗಾಗಿ, ಗೆದ್ದು, 2019ರ ಫೆಬ್ರವರಿ 1ರಿಂದ ಅವು ಜಾರಿಯಾದವು. ಉದ್ದೇಶ ಒಳ್ಳೆಯದೇ: ನೋಡುವ ವಾಹಿನಿಗೆ ಮಾತ್ರ ಹಣ ಕೊಡು, ಬೇಡದ್ದಕ್ಕೆ ಕೊಡಬೇಡ. ಮೊದಲ ನೂರು ವಾಹಿನಿಗಳ ಜಾಲಕ್ಕೆ ಹೆಚ್ಚೆಂದರೆ 130 ರೂಪಾಯಿ. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಹಣ ಕೊಟ್ಟು ನೋಡುವ ವಾಹಿನಿಗಳ ಬೆಲೆ ಬೇರೆ. ಆ 130ರ ಮಿತಿಯನ್ನು 2024ರ ಜುಲೈಯಲ್ಲಿ ಪ್ರಾಧಿಕಾರವೇ ತೆಗೆದುಹಾಕಿತು. ಆಯ್ಕೆ ತಿಳಿಸದವರಿಗೆ ಅವರ ನೋಟದ ರೂಢಿ, ಭಾಷೆ, ವಾಹಿನಿಯ ಜನಪ್ರಿಯತೆಗಳನ್ನು ನೋಡಿ ವಿತರಕರೇ ಒಂದು ಯೋಜನೆ ಮಾಡಿಕೊಡಲಿ ಎಂದು 2019ರ ಫೆಬ್ರವರಿಯಲ್ಲಿ ಹೇಳಲಾಯಿತು. ಭಾಷೆ ಎಂಬ ಮಾತು ಕಾಗದದಲ್ಲಿತ್ತು. ಆದರೆ ನಮ್ಮ ಮನೆಯ ಭಾಷೆ ಯಾವುದೆಂದು ನಮ್ಮನ್ನು ಕೇಳಿದವರಿಲ್ಲ. ನಾವು ಹೇಳಿದವರೂ ಅಲ್ಲ.

ಇದಕ್ಕಿಂತ ಮುಖ್ಯವಾದುದು ಇನ್ನೊಂದು ನಿಯಮ. ಯಾವುದಾದರೂ ವಾಹಿನಿಯ ಚಂದಾದಾರರು ವಿತರಕನ ಪ್ರದೇಶದಲ್ಲಿ ಎಡೆಬಿಡದೆ ಆರು ತಿಂಗಳು ಶೇಕಡಾ 5ಕ್ಕಿಂತ ಕಡಮೆ ಇದ್ದರೆ, ಆ ವಾಹಿನಿಯನ್ನು ನಿಲ್ಲಿಸಲು ವಿತರಕನಿಗೆ ಅವಕಾಶವುಂಟೆಂದು 2017ರ ನಿಯಮಗಳಲ್ಲಿ ಬಂತು. ತನ್ನ ವಾಹಿನಿಯನ್ನು ಒಯ್ಯಿರೆಂದು ಪ್ರಸಾರಕನೇ ಕೇಳಿಕೊಂಡರೆ ತೆರಬೇಕಾದ ಸಾಗಣೆ ಶುಲ್ಕವೂ ಇದೇ ತಕ್ಕಡಿಯಲ್ಲಿ ತೂಗಿತು: ನೋಡುವವರು ಶೇಕಡಾ 5ಕ್ಕಿಂತ ಕಡಮೆಯಾದರೆ ಪೂರ್ತಿ ಶುಲ್ಕ, 20 ಮುಟ್ಟಿದರೆ ಏನೂ ಇಲ್ಲ. ದೊಡ್ಡ ಭಾಷೆಗೆ ಪುಕ್ಕಟೆ ಹಾದಿ, ಸಣ್ಣ ಭಾಷೆಗೆ ಸುಂಕದ ಕಟ್ಟೆ! ಕರ್ನಾಟಕದಲ್ಲಿ ದೊಡ್ಡದಾದ ಕನ್ನಡ ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಸಣ್ಣದು. ಬೆಂಗಳೂರಿನ ಮರಾಠಿಗರ ಸ್ಥಿತಿಯೂ ಇದೇ. ನಾವು ಕೇವಲ ನಮ್ಮ ಸಲುವಾಗಿ ಕೂಗುತ್ತಿಲ್ಲ.

ವಿತರಕರ ಕಷ್ಟವನ್ನೂ ಬಲ್ಲೆವು. ಎರಡು ಮನೆಗಾಗಿ ಒಂದು ವಾಹಿನಿಯನ್ನು ಹೊತ್ತರೆ ಅವರಿಗೆ ಖರ್ಚು ಗಿಟ್ಟುವುದಿಲ್ಲ. ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಆದರೆ ಗೆರೆಯ ಈಚೆಗಿರುವವರಿಗೂ ಜಾಗ ಮಾಡಿಕೊಡಬಹುದೆಂಬುದನ್ನು ನಮ್ಮ ವೃತ್ತಿಯಲ್ಲಿಯೇ ಕಂಡಿದ್ದೇವೆ. ಕನಿಷ್ಠ ಬಾಕಿ ಇಲ್ಲದ ಖಾತೆ ಬ್ಯಾಂಕಿಗೆ ನಷ್ಟವೆಂದು ಎಲ್ಲರೂ ಹೇಳುತ್ತಿದ್ದರು. ಆದರೂ ರಿಸರ್ವ್ ಬ್ಯಾಂಕು 2005ರಲ್ಲಿ ಸರಳ ಖಾತೆಗಳನ್ನು ತೆರೆಯಿರೆಂದಿತು. 2012ರಲ್ಲಿ ಕನಿಷ್ಠ ಬಾಕಿಯ ಕಟ್ಟೇ ಇಲ್ಲದ ಮೂಲ ಉಳಿತಾಯ ಖಾತೆಯನ್ನು ಗೊತ್ತುಮಾಡಿತು. ಬ್ಯಾಂಕುಗಳು ಮುಳುಗಲಿಲ್ಲ. ಹತ್ತು ರೂಪಾಯಿಯವನಿಗೂ ಒಂದು ಪಾಸ್‌ಬುಕ್ಕು ಸಿಕ್ಕಿತು. ಭಾಷೆಗೂ ಅಂಥದೊಂದು ಖಾತೆ ಏಕಿರಕೂಡದು?

"ಸಾಮಾನ್ಯರು ಬರೆದರೆ ಯಾರು ಓದುತ್ತಾರೆ?" ಎಂದು ತಾವು ಕೇಳಬಹುದು. 2015ರಲ್ಲಿ ಇಂಟರ್‌ನೆಟ್ಟಿನ ಸಮಾನತೆಯ ಪ್ರಶ್ನೆ ಬಂದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಟ್ರಾಯ್‌ಗೆ ಬರೆದರು. 2016ರ ಫೆಬ್ರವರಿ 8ರಂದು, ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ದರ ಹಾಕಕೂಡದೆಂಬ ನಿಯಮ ಹೊರಟಿತು. ಆದರೆ ಆ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಒಂದೇ ಅಚ್ಚಿನಲ್ಲಿ ಬಂದ ಲಕ್ಷಾಂತರ ಪತ್ರಗಳು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವಲ್ಲವೆಂದು ಪ್ರಾಧಿಕಾರ ಆಕ್ಷೇಪಿಸಿತ್ತು. ಕೂಗಿದರೆ ಸಾಲದು, ಕೇಳಿದ್ದಕ್ಕೆ ಉತ್ತರ ಬರೆಯಬೇಕು.

"ಈಗ ಎಲ್ಲವೂ ಮೊಬೈಲಿನಲ್ಲಿ ಬರುತ್ತದೆ, ಕೇಬಲ್ಲಿನ ಚಿಂತೆ ಏಕೆ?" ಎಂದು ತರುಣರು ಹೇಳುತ್ತಾರೆ. ನಮ್ಮ ತಾಯಿಯವರ ಕೈಗೆ ಮೊಬೈಲು ಕೊಟ್ಟು ನೋಡಿದೆವು. ಕಣ್ಣು ಸಾಲದು, ಬೆರಳು ತಿಳಿಯದು. ಅದಿರಲಿ, ಮೊಬೈಲಿಗೂ ನಿಯಮಗಳು ಬರುತ್ತಲೇ ಇವೆ. 1885ರ ತಂತಿ ಕಾಯಿದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡನ್ನು ಸರಕಾರ ಜನರ ಮುಂದಿಟ್ಟಿತು. ಇಂಟರ್‌ನೆಟ್ಟಿನ ಮೂಲಕ ಬರುವ ಪ್ರಸಾರವೂ ಅದರೊಳಗಿತ್ತು. ಹೊಸ ಕಾಯಿದೆಯಡಿ ಪ್ರಸಾರಕರಿಗೆ ಅನುಮತಿ ಹೇಗೆ ಕೊಡಬೇಕೆಂಬ ಶಿಫಾರಸನ್ನು ಟ್ರಾಯ್ 2025ರ ಫೆಬ್ರವರಿಯಲ್ಲಿ ಒಪ್ಪಿಸಿತು. ಈ ಪ್ರತಿಯೊಂದರ ಮೊದಲೂ ಅಭಿಪ್ರಾಯ ಕೇಳಿದ್ದಾರೆ. ಆ ದಿನಗಳಲ್ಲಿ ನಮ್ಮ ಸಂಘ ಏನು ಮಾಡುತ್ತಿತ್ತು? ನಾಟಕ ಆಡಿದೆವು, ಹಳದಿ ಕೆಂಪು ಬಾವುಟ ಹಾರಿಸಿದೆವು, ಹೋಳಿಗೆ ಊಟ ಮಾಡಿದೆವು. ಇವೆಲ್ಲ ಬೇಕಾದುವೇ. ಒಂದು ಹಾಳೆ ಬರೆಯುವುದಕ್ಕೆ ಮಾತ್ರ ನಮಗೆ ಪುರಸೊತ್ತಾಗಲಿಲ್ಲ.

ಆದುದರಿಂದ ಕಾರ್ಯಕಾರಿ ಮಂಡಲಿಯಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಲೆಕ್ಕ ಬಲ್ಲವರೊಬ್ಬರು, ಕಾನೂನು ಬಲ್ಲವರೊಬ್ಬರು, ಚೆನ್ನಾಗಿ ಬರೆಯಬಲ್ಲವರೊಬ್ಬರು, ಹೀಗೆ ಮೂವರ ಒಂದು ಉಪಸಮಿತಿ ಇರಲಿ. ಇಂಥ ಪ್ರಶ್ನೆಪತ್ರ ಬಂದಾಗಲೆಲ್ಲ ಅವರು ಮೂರು ಮಾತು ಬರೆಯಲಿ. ಮನೆಯವರ ಭಾಷೆಯನ್ನು ಕೇಳದೆ ಯಾರಿಗೂ ಯೋಜನೆ ಹಾಕಕೂಡದು. ಹೊರನಾಡಿನಲ್ಲಿ ಅಲ್ಪಸಂಖ್ಯಾತವಾಗುವ ಭಾಷೆಯ ವಾಹಿನಿಗಳನ್ನು ಶೇಕಡಾ ಲೆಕ್ಕದಿಂದಲೇ ಅಳೆಯಕೂಡದು. ಸಮಾಲೋಚನಾ ಪತ್ರಗಳ ಸಾರಾಂಶವಾದರೂ ಕನ್ನಡವೇ ಮೊದಲಾದ ಭಾಷೆಗಳಲ್ಲಿ ದೊರೆಯಬೇಕು. ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಸಂಘಗಳೂ ಬರೆದರೆ ಹನಿಗೂಡಿ ಹಳ್ಳವಾದೀತು. ಒಪ್ಪುವುದು ಬಿಡುವುದು ಅವರದು. ಕೇಳಿದಾಗ ಹೇಳಲಿಲ್ಲವೆಂಬ ಅಪವಾದ ನಮ್ಮ ಮೇಲೆ ಬರದಿದ್ದರೆ ಸಾಕು.

ನಮ್ಮ ಮನೆಯ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇವೆ. ಫಾರ್ಮನ್ನು ತುಂಬಿ, ಸಹಿ ಮಾಡಿ, ನಕಲು ಇಟ್ಟುಕೊಂಡು ಕೊಟ್ಟೆವು. ಮೂರು ವಾರದ ಮೇಲೆ ಕನ್ನಡ ಬಂತು. ತಾಯಿಯವರು ಸಂತೋಷಪಟ್ಟರು. ಆದರೆ "ಆ ಇನ್ನೊಂದು ಮನಿ ಅಂದನಲ್ಲಪಾ, ಅವರಿಗೂ ಬಂತೇನು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ಕಟ್ಟಡಗಳ ಸಾಲಿನಲ್ಲಿ ಆರು ವರ್ಷ ಇದ್ದರೂ ಆ ಎರಡನೆಯ ಕನ್ನಡದ ಮನೆ ಯಾವುದೆಂದು ನಮಗೆ ಗೊತ್ತಿರಲಿಲ್ಲ. ಆ ಭಾನುವಾರವೇ ಹುಡುಕಿಕೊಂಡು ಹೋದೆವು. ಅವರೀಗ ನಮ್ಮ ಸಂಘದ ಸದಸ್ಯರು. ಈ ಸಭೆಯಲ್ಲಿಯೇ ಕುಳಿತಿದ್ದಾರೆ.