ಮಗ್ಗದ ನೋವೇ ಇರಬೇಕೆಂದಿಲ್ಲ

ಗುಡೂರು, ಇಳಕಲ್ಲ ಕಡೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ಸೀರೆ ನೇಯುವವರಿಗೆ ಬೆನ್ನುನೋವು ಹೊಸದೇನಲ್ಲ. ಅದು ಬಹುಪಾಲು ಸ್ನಾಯುವಿನ ನೋವು; ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ‘ಮಗ್ಗದ ನೋವು, ಇದ್ದದ್ದೇ’ ಎಂಬ ಮಾತು ಕೆಲವೊಮ್ಮೆ ಬೇರೆ ರೋಗವನ್ನು ಮರೆಮಾಚುತ್ತದೆ.

ಮಲಗಿದರೂ ತಗ್ಗದೆ ನಿದ್ದೆಗೆಡಿಸುವ ನೋವು, ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ ಬೆನ್ನುಮೂಳೆಯ ಕ್ಷಯದ ಸುಳಿವಾಗಿರಬಹುದು. ಇದಕ್ಕೆ ಕೆಮ್ಮು ಇರಲೇಬೇಕೆಂದಿಲ್ಲ. ಒಳಗೆ ಕೀವು ಕಟ್ಟಿ ಬೆನ್ನಿನ ಪಕ್ಕದಲ್ಲೋ ತೊಡೆಸಂದಿನಲ್ಲೋ ಗಂಟು ಏಳುವುದೂ ಉಂಟು. ಮುಟ್ಟಿದರೆ ಬಿಸಿಯೂ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧ ಉಚಿತ.

ಗಂಟುಗಳೆಲ್ಲ ಕ್ಷಯದವೇ ಅಲ್ಲ. ಚರ್ಮದಡಿ ಮೆತ್ತಗೆ ಜಾರುವ ಗಂಟು ಹೆಚ್ಚಾಗಿ ಬರೀ ಕೊಬ್ಬಿನದು. ಗಟ್ಟಿಯಾದ, ಆಳದಲ್ಲಿ ಕಚ್ಚಿಕೊಂಡ, ಬೆಳೆಯುತ್ತಿರುವ ಅಥವಾ 5 ಸೆಂಟಿಮೀಟರ್ ದಾಟಿದ ಗಂಟನ್ನು ನೋಯದಿದ್ದರೂ ತೋರಿಸಬೇಕು. ಕ್ಯಾನ್ಸರ್ ಗಂಟು ಮೊದಮೊದಲು ನೋಯದಿರುವುದೇ ಹೆಚ್ಚು. ಸ್ತನದಲ್ಲಿ ಹೊಸ ಗಂಟು ಕಂಡರಂತೂ ಸಂಕೋಚ ಬೇಡ. ಯಾವ ಗಂಟನ್ನೂ ತಿಕ್ಕಿಸುವುದು, ಅದಕ್ಕೆ ಬರೆ ಹಾಕಿಸುವುದು ಬೇಡವೇ ಬೇಡ.

ಬೆನ್ನುನೋವಿನ ಜೊತೆ ಕಾಲು ಸೋತರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ನಾಳೆಗೆ ಕಾಯಬಾರದು. ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಒಂದು ದಿನ ಮಗ್ಗ ನಿಂತರೆ ಆ ದಿನದ ಕೂಲಿ ಹೋಗುತ್ತದೆ, ನಿಜ. ‘ಈ ಸೀರೆ ಮುಗಿಯಲಿ’ ಎಂದು ಮುಂದೂಡುವುದು ಅದಕ್ಕೇ. ಮನೆಯವರು ಒಂದು ಮಾತು ಹೇಳಿ: ಸೀರೆ ಕಾಯುತ್ತದೆ, ರೋಗ ಕಾಯುವುದಿಲ್ಲ.