ಕೆರೆಯ ಹೂಳಿನೊಳಗಣ ನೀರಿನ ಪರೀಕ್ಷೆ: ಮಾದರಿ ಸಂಗ್ರಹಣೆಯ ಕ್ರಮ
(ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆರೆಯ ನೀರಿನ ಪರೀಕ್ಷೆಯೆಂದರೆ ಸಾಮಾನ್ಯವಾಗಿ ತೂಬಿನ ಬಳಿ ಮೇಲ್ನೀರನ್ನು ಸೀಸೆಗೆ ತುಂಬುವುದಷ್ಟೇ ಆಗಿದೆ. ತಳದ ಹೂಳಿನ ಕಣಗಳ ನಡುವೆಯೂ ನೀರಿದೆ. ಅದಕ್ಕೆ ರಂಧ್ರಜಲವೆಂದು ಹೆಸರು. ಚರಂಡಿಯಿಂದಲೂ ಹೊಲಗಳ ಗೊಬ್ಬರದಿಂದಲೂ ಬಂದ ರಂಜಕವು ಹೂಳಿನಲ್ಲಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುತ್ತದೆ. ತಳದಲ್ಲಿ ಆಮ್ಲಜನಕ ತೀರಿದಾಗ ತುಕ್ಕು ಕರಗಿ, ರಂಜಕವು ರಂಧ್ರಜಲಕ್ಕೆ ಇಳಿದು, ಅಲ್ಲಿಂದ ಮೇಲ್ನೀರಿಗೆ ಸೇರುತ್ತದೆ. ಇಂಗ್ಲೆಂಡಿನ ಸರೋವರಗಳ ಅಧ್ಯಯನದಿಂದ ಕ್ಲಿಫರ್ಡ್ ಮಾರ್ಟಿಮರ್ 1941–42ರಲ್ಲಿ ಇದನ್ನು ವಿವರಿಸಿದರು. ಚರಂಡಿಯನ್ನು ತಡೆದ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಪಾಚಿಗಟ್ಟುವುದಕ್ಕೆ ಇದೂ ಒಂದು ಕಾರಣ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಇಂತಹ ಕೆರೆಗಳಲ್ಲಿ ರಂಧ್ರಜಲದ ಪರೀಕ್ಷೆಯೂ ಅಗತ್ಯ.

ಮಾದರಿ ಸಂಗ್ರಹಣೆಗೆ ಮುಖ್ಯವಾಗಿ ಮೂರು ವಿಧಾನಗಳಿವೆ.

1. ಪಾರದರ್ಶಕ ಕೊಳವೆಯನ್ನು ಹೂಳಿಗೆ ನೇರವಾಗಿ ಒತ್ತಿ, ಪದರಗಳು ಕದಡದಂತೆ ಮೇಲೆತ್ತುವುದು. ಬಳಿಕ ನೈಟ್ರೋಜನ್ ಅನಿಲದ ಆವರಣದಲ್ಲಿ ಹೋಳು ಮಾಡಿ, ಗಾಳಿಯಾಡದ ಕುಪ್ಪಿಗಳಲ್ಲಿಟ್ಟು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ನೀರನ್ನು ಬೇರ್ಪಡಿಸುವುದು.

2. ಅಂತಹ ಕೊಳವೆಯ ಬದಿಯಲ್ಲಿ ಮೊದಲೇ ಕೊರೆದ ತೂತುಗಳ ಮೂಲಕ ರೈಝಾನ್ ಎಂಬ ಸಣ್ಣ ಶೋಧಕವನ್ನು ತೂರಿಸಿ, ಸಿರಿಂಜಿನಿಂದ ಮೆಲ್ಲನೆ ನೀರನ್ನು ಹೀರುವುದು. ಮೊದಲ ಹನಿಗಳನ್ನು ಚೆಲ್ಲಬೇಕು.

3. ಸಾಲು ಗುಳಿಗಳುಳ್ಳ ಪೀಪರ್ ಎಂಬ ಹಲಗೆಯನ್ನು ಹೂಳಿನಲ್ಲಿ ನೆಡುವುದು. ಇದನ್ನು ರೇಮಂಡ್ ಹೆಸ್ಲೈನ್ 1976ರಲ್ಲಿ ಪ್ರಕಟಿಸಿದರು. ಗುಳಿಗಳಲ್ಲಿ ಆಮ್ಲಜನಕ ತೆಗೆದ ಶುದ್ಧ ನೀರನ್ನು ತುಂಬಿ, ಮೇಲೆ ತೆಳುಪೊರೆಯನ್ನು ಹೊದಿಸಿರುತ್ತಾರೆ. ಕೆಲವು ವಾರಗಳಲ್ಲಿ ಒಳಗಿನ ನೀರು ಸುತ್ತಲಿನ ರಂಧ್ರಜಲದೊಡನೆ ಸಮಸ್ಥಿತಿಗೆ ಬರುತ್ತದೆ.

ಯಾವ ವಿಧಾನವಾದರೂ ಮುಖ್ಯ ಎಚ್ಚರಿಕೆ ಒಂದೇ: ಮಾದರಿಗೆ ಗಾಳಿ ತಾಗಬಾರದು. ತಾಗಿದರೆ ಕರಗಿದ ಕಬ್ಬಿಣ ಮತ್ತೆ ತುಕ್ಕಾಗಿ ರಂಜಕವನ್ನು ತನ್ನೊಡನೆ ತಳಕ್ಕೆಳೆಯುತ್ತದೆ. ಆಗ ಪ್ರಯೋಗಾಲಯದ ವರದಿಯಲ್ಲಿ ರಂಜಕ ಕಡಿಮೆಯೆಂದೇ ಕಾಣುತ್ತದೆ. ಪರೀಕ್ಷಕರ ಲೆಕ್ಕ ಸರಿಯಿದ್ದರೂ ಕೆರೆಯ ಸ್ಥಿತಿ ಬೇರೆಯೇ ಇರುತ್ತದೆ. ಆ ವರದಿಯನ್ನು ನಂಬಿ ಹೂಳೆತ್ತುವ ಆಳವನ್ನು ನಿಗದಿಪಡಿಸಿದರೆ, ಹಣ ವೆಚ್ಚವಾದರೂ ರಂಜಕ ತಳದಲ್ಲೇ ಉಳಿದೀತು.

ಆದ್ದರಿಂದ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯಬಾರದು. ಲೋಹಗಳ ಪರೀಕ್ಷೆಯ ಭಾಗಕ್ಕೆ ಆಮ್ಲ ಬೆರೆಸಿ, ರಂಜಕದ ಭಾಗವನ್ನು ಪ್ರತ್ಯೇಕವಾಗಿ ತಣ್ಣಗಿಟ್ಟು, ವಿಳಂಬವಿಲ್ಲದೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಸ್ಥಳ, ದಿನಾಂಕ, ಮೇಲ್ನೀರಿನ ಆಳ, ಹೂಳಿನೊಳಗಿನ ಆಳ ಇವಿಷ್ಟೂ ಚೀಟಿಯಲ್ಲಿರಬೇಕು. ದೋಣಿಯಲ್ಲಿ ತೆರಳುವವರು ಜೀವರಕ್ಷಕ ಜಾಕೆಟ್ ಧರಿಸುವುದು ಕಡ್ಡಾಯ.

ವರದಿ ಕೈಸೇರಿದಾಗ ಸದಸ್ಯರು ಅಂಕಿಗಳನ್ನು ನೋಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಲಿ: ಮಾದರಿಯನ್ನು ಯಾವ ಆಳದಿಂದ, ಗಾಳಿ ತಾಗದಂತೆ ಹೇಗೆ ತೆಗೆಯಲಾಯಿತು? ಉತ್ತರ ಲಿಖಿತವಾಗಿ ದೊರೆತ ಬಳಿಕವೇ ಹೂಳೆತ್ತುವ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವುದು ಸೂಕ್ತ.